ಹಾಕಿ ನೋಡಿದೆಯಾ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮಕ್ಕಳ ಲೆಕ್ಕದ ಪುಸ್ತಕ ಮೊದಲ ಐದಾರು ವರ್ಷ ಮನೆಮಂದಿಗೆಲ್ಲ ಸೇರಿದ್ದು. ಮಗ್ಗಿ ಕೇಳಲು ಅಜ್ಜಿ ಇರುತ್ತಾರೆ. ಭಾಗಾಕಾರ ತಪ್ಪಿದರೆ ಅಮ್ಮ ಬೀಡಿ ಕಟ್ಟುತ್ತಲೇ ತಿದ್ದುತ್ತಾರೆ. ಬಡ್ಡಿಯ ಲೆಕ್ಕ ಬಂದರೆ ಅಪ್ಪನನ್ನು ಕೇಳಿದರಾಯಿತು. ಸೊಸೈಟಿಯಲ್ಲಿ ಸಾಲ ಮಾಡಿ ತೀರಿಸಿದವರಿಗೆ ಬಡ್ಡಿಯನ್ನು ಯಾರೂ ಕಲಿಸಬೇಕಾಗಿಲ್ಲ. ಆಮೇಲೊಂದು ದಿನ ಪುಸ್ತಕದೊಳಗೆ ಎಕ್ಸ್ ಬರುತ್ತದೆ. "ಅದೆಲ್ಲ ನಮಗೆ ಗೊತ್ತಿಲ್ಲ ಮಗಾ, ಟೀಚರ್ ಹತ್ರ ಕೇಳು" ಎಂದು ಮನೆಯವರೆಲ್ಲ ಒಟ್ಟಿಗೇ ಹಿಂದೆ ಸರಿಯುತ್ತಾರೆ.

ಹೀಗೆ ಹಿಂದೆ ಸರಿಯುವ ಅಗತ್ಯವೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ರಾಜ್ಯದ ಪಠ್ಯದಲ್ಲಿ ಏಳನೇ ತರಗತಿಗೆ ಸರಳ ಸಮೀಕರಣ, ಎಂಟಕ್ಕೆ ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ, ಹತ್ತಕ್ಕೆ ಎರಡು ಚರಾಕ್ಷರಗಳ ಸಮೀಕರಣಗಳ ಜೋಡಿ ಬರುತ್ತದೆ. ಈ ನಾಲ್ಕು ವರ್ಷಗಳಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಎರಡೇ ಕಡೆ ಹುಟ್ಟುತ್ತವೆ: ಸಮ ಚಿಹ್ನೆ ಏನು ಹೇಳುತ್ತದೆ ಎಂಬುದರಲ್ಲಿ, ಅಕ್ಷರ ಯಾವುದರ ಲೆಕ್ಕ ಎಂಬುದರಲ್ಲಿ. ಈ ಎರಡನ್ನೂ ವಿಚಾರಿಸಲು ಮನೆಯವರಿಗೆ ಬೀಜಗಣಿತ ಬರಬೇಕೆಂದಿಲ್ಲ. ತುಳು, ಬ್ಯಾರಿ, ಕೊಂಕಣಿ, ಕನ್ನಡ, ಯಾವ ಭಾಷೆಯಲ್ಲಿ ಕೇಳಿದರೂ ನಡೆಯುತ್ತದೆ.

ಈ ಅಧ್ಯಾಯದಲ್ಲಿ ಎಕ್ಸ್ ಬದಲು 'ಯಾ' ಎಂದು ಬರೆಯುತ್ತೇನೆ. ಇದು ನನ್ನ ಸ್ವಂತ ಏರ್ಪಾಡಲ್ಲ. ಬ್ರಹ್ಮಗುಪ್ತ 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದಾಗಲೇ ತಿಳಿಯದ ಸಂಖ್ಯೆಗಳಿಗೆ ಬಣ್ಣಗಳ ಹೆಸರು ಬಳಕೆಯಲ್ಲಿತ್ತು. ಎರಡನೇ ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ ಬೀಜಗಣಿತದಲ್ಲಿ ಮೊದಲ ಅವ್ಯಕ್ತ ಸಂಖ್ಯೆ ಯಾವತ್ತಾವತ್, ಮುಂದಿನವು ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ, ಲೋ. ಇಂದಿನ ಎಕ್ಸ್ ಬಳಕೆ ನೆಲೆಯಾದದ್ದು ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಪುಸ್ತಕದಿಂದ. ಲೆಕ್ಕಕ್ಕೆ ಅಕ್ಷರ ಸೇರಿಸುವುದು ಇಂಗ್ಲಿಷ್ ಶಾಲೆಯ ಹೊಸ ಪದ್ಧತಿಯೆಂದು ಹೆದರುವವರಿಗೆ ಇಷ್ಟು ತಿಳಿದಿರಲಿ.

ಮೊದಲು ಸಮ ಚಿಹ್ನೆ. 3ಯಾ + 5 = 20 ಎಂಬ ಲೆಕ್ಕ ಕೊಟ್ಟರೆ ಚುರುಕಾದ ಮಗುವಿನ ನೋಟ್ಸಿನಲ್ಲಿ ಅನೇಕ ಸಲ ಹೀಗಿರುತ್ತದೆ:

20 − 5 = 15 ÷ 3 = 5

ಉತ್ತರ ಸರಿ, ಬರೆದದ್ದು ತಪ್ಪು. ಈ ಸಾಲನ್ನು ನಂಬಿದರೆ 15 ಎಂಬುದು 5ಕ್ಕೆ ಸಮ ಎಂದಾಗುತ್ತದೆ. ಉತ್ತರ ಸರಿ ಬಂದಿದೆಯೆಂದು ದೊಡ್ಡವರು ಬಿಟ್ಟುಬಿಡುತ್ತಾರೆ. ಬಿಡಬಾರದ ಜಾಗ ಇದು. ಒಂದನೇ ತರಗತಿಯಿಂದ ಮಗು ನೋಡಿದ್ದು 4 + 3 = ಎಂದು ಬರೆದು ಮುಂದೆ ಬಿಟ್ಟ ಖಾಲಿ ಜಾಗವನ್ನು. ಅದರ ಅನುಭವದಲ್ಲಿ ಸಮ ಚಿಹ್ನೆ ಎಂದರೆ 'ಈಗ ಉತ್ತರ ಬರೆ' ಎಂಬ ಆಜ್ಞೆ. ಕ್ಯಾಲ್ಕ್ಯುಲೇಟರಿನ ಗುಂಡಿಯೂ ಅದನ್ನೇ ಕಲಿಸುತ್ತದೆ. ಎರಡು ಕಡೆಯೂ ಒಂದೇ ಬೆಲೆಯದ್ದು ಎಂದು ಆ ಚಿಹ್ನೆ ಸಾರುತ್ತಿದೆಯೆಂಬ ಸಂಗತಿ ಆರು ವರ್ಷ ಅದರ ಕಣ್ಣಿಗೆ ಬಿದ್ದಿರುವುದಿಲ್ಲ.

ಇದು ನಮ್ಮೂರಿನ ಮಕ್ಕಳ ಕೊರತೆಯಲ್ಲ. ಅಮೆರಿಕದಲ್ಲಿ ಫಾಕ್ನರ್, ಲೆವಿ, ಕಾರ್ಪೆಂಟರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಬರಹ ಗಣಿತ ಕಲಿಸುವವರ ನಡುವೆ ಹೆಸರಾಗಿದೆ. ಆರನೇ ತರಗತಿಯ 145 ಮಕ್ಕಳ ಮುಂದೆ 8 + 4 = □ + 5 ಎಂದು ಬರೆದು ಚೌಕದಲ್ಲಿ ಯಾವ ಸಂಖ್ಯೆ ಬರಬೇಕೆಂದು ಕೇಳಲಾಯಿತು. 145 ಮಕ್ಕಳೂ 12 ಅಥವಾ 17 ಎಂದರು. 7 ಎಂದು ಹೇಳಿದವರು ಒಬ್ಬರೂ ಇರಲಿಲ್ಲ. 12 ಎಂದವರು ಚಿಹ್ನೆಯ ಆಚೆ ಉತ್ತರ ಬರೆದು ಮುಗಿಸಿದ್ದರು. 17 ಎಂದವರು ಕಂಡ ಸಂಖ್ಯೆಗಳನ್ನೆಲ್ಲ ಕೂಡಿಸಿದ್ದರು.

ಸಮ ಚಿಹ್ನೆಯನ್ನು ಮೊದಲು ಅಚ್ಚು ಹಾಕಿಸಿದವನು ವೇಲ್ಸ್ ದೇಶದ ರಾಬರ್ಟ್ ರೆಕಾರ್ಡ್, 1557ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಇನ್ನೊಂದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಭಾಸ್ಕರಾಚಾರ್ಯರ ಕಾಲದಲ್ಲಿ ಚಿಹ್ನೆಯೇ ಇರಲಿಲ್ಲ. ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೆ ಒಂದು ಬರೆಯುತ್ತಿದ್ದರು:

ಯಾ 3 ರೂ 5
ಯಾ 0 ರೂ 20

'ರೂ' ಎಂದರೆ ರೂಪ, ತಿಳಿದ ಸಂಖ್ಯೆ, ರೂಪಾಯಿ ಅಲ್ಲ. ಕೆಳಗಿನ ಪಕ್ಷದಲ್ಲಿ ಯಾ ಇಲ್ಲದಿದ್ದರೂ ಸೊನ್ನೆ ಹಾಕಿ ಅದರ ಜಾಗ ಕಾಯ್ದಿರಿಸುತ್ತಿದ್ದರು. ಇಲ್ಲಿ 'ಉತ್ತರ ಬರುವ ಕಡೆ' ಎಂಬುದೇ ಇಲ್ಲ ಎಂಬುದನ್ನು ಗಮನಿಸಿ. ಎರಡು ಸಾಲುಗಳು, ಎರಡಕ್ಕೂ ಒಂದೇ ಮರ್ಯಾದೆ. ಸಮ ಚಿಹ್ನೆಯಲ್ಲಿ ಎಡವುವ ಮಗುವಿಗೆ ಕೆಲವು ದಿನ ಹೀಗೇ ಬರೆಯಲು ಹೇಳಿದರೆ ನಷ್ಟವೇನಿಲ್ಲ.

ಅದಕ್ಕೂ ಮೊದಲು ಅಕ್ಷರವೇ ಇಲ್ಲದ ಲೆಕ್ಕಗಳನ್ನು ಕೊಡಿ. 19 + 6 = 20 + □. □ = 7 × 3. 46 + 38 = 45 + □. ಕೊನೆಯದನ್ನು ಮಗು ಕೂಡಿಸದೆಯೇ 39 ಎಂದು ಹೇಳಿತೆಂದರೆ ಅದು ಬೀಜಗಣಿತದೊಳಗೆ ಕಾಲಿಟ್ಟಿದೆ ಎಂದೇ ತಿಳಿಯಿರಿ. 46 ಒಂದು ಕಡಿಮೆಯಾಗಿ 45 ಆದರೆ 38 ಒಂದು ಹೆಚ್ಚಬೇಕು ಎಂದು ಅದು ಸಂಖ್ಯೆಗಳ ನಡುವಿನ ಸಂಬಂಧವನ್ನು ನೋಡಿದೆ.

ಎರಡನೆಯದು ಅಕ್ಷರದ ವಿಷಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬೆಳ್ತಂಗಡಿ ತಾಲೂಕಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಜಗಲಿಯಲ್ಲಿ ಅಮ್ಮ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾರೆ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಒಂದು ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ಪಕ್ಕದಲ್ಲಿ ಎಂಟನೇ ತರಗತಿಯ ಮಗ. ನೆರೆಮನೆಯ ಪಿಯುಸಿ ಓದುವ ಅಕ್ಕ ಅವನಿಗೆ ಲೆಕ್ಕ ಕೊಟ್ಟಿದ್ದಾಳೆ: ಅಮ್ಮ 32 ಕಟ್ಟು ಮುಗಿಸಿದ್ದಾರೆ, ಸಾವಿರ ಆಗಲಿಕ್ಕೆ ಇನ್ನೆಷ್ಟು ಕಟ್ಟು ಬೇಕು? ಸಮೀಕರಣ ಮಾಡಿ ಬರೆ.

ಹುಡುಗ 25(32 + ಯಾ) = 1000 ಎಂದು ಬರೆದ. ಇಷ್ಟನ್ನು ತಾನಾಗಿ ಬರೆದದ್ದೇ ದೊಡ್ಡ ಕೆಲಸ. ಮುಂದೆ:

800 + ಯಾ = 1000
ಯಾ = 200

"ಇನ್ನೂರು ಕಟ್ಟಾ?" ಅಮ್ಮ ಕೈಕೆಲಸ ನಿಲ್ಲಿಸದೆ ಕೇಳಿದರು. "ಇನ್ನೂರು ಕಟ್ಟು ಆದ್ರೆ ಐದು ಸಾವಿರ ಆಯ್ತಲ್ಲ. ಎಂಟು ಕಟ್ಟು ಬೇಕಾದ್ದು."

"ಪುಸ್ತಕದಲ್ಲಿ ಹೀಗೇ ಮಾಡುದು ಅಮ್ಮ."

ಅಕ್ಕ ಕೆಂಪು ಗೀಟು ಎಳೆಯಲಿಲ್ಲ. "ಈ ಇನ್ನೂರು ಎಂತದ್ದು?" ಎಂದು ಕೇಳಿದಳು.

ಹುಡುಗ ಸ್ವಲ್ಪ ಹೊತ್ತು ಪುಸ್ತಕ ನೋಡಿದ. "ಬೀಡಿ."

"ನೀನು ಯಾ ಅಂತ ಇಟ್ಟದ್ದು ಎಂತದ್ದರ ಲೆಕ್ಕ?"

"ಕಟ್ಟಿನದ್ದು."

"ಹಾಗಾದ್ರೆ ಒಂದೊಂದು ಕಟ್ಟಿಗೂ ಇಪ್ಪತ್ತೈದು ಬೀಡಿ ಉಂಟಲ್ಲ. ಅದು ಎಲ್ಲಿ ಹೋಯ್ತು?"

ಹುಡುಗ ಎರಡನೇ ಸಾಲನ್ನು ಹೊಡೆದು 800 + 25ಯಾ = 1000 ಎಂದು ಬರೆದ. ಯಾ = 8.

ಶಾಲೆಯ ಮಾತಿನಲ್ಲಿ ಹೇಳುವುದಾದರೆ ಅವನು ಆವರಣದ ಹೊರಗಿನ 25ರಿಂದ ಒಳಗಿನ ಎರಡನೇ ಪದವನ್ನು ಗುಣಿಸಲು ಮರೆತ. ಎಂಟನೇ ತರಗತಿಯಲ್ಲಿ ಇದು ಮತ್ತೆ ಮತ್ತೆ ಕಾಣುವ ತಪ್ಪು. ಸಾಮಾನ್ಯವಾಗಿ ಇದಕ್ಕೆ ಸಿಗುವ ಮದ್ದು ನಿಯಮವನ್ನು ಹತ್ತು ಸಲ ಬರೆಸುವುದು. ಆದರೆ ಅವನ 200 ಅರ್ಥವಿಲ್ಲದ ಸಂಖ್ಯೆಯಲ್ಲ. 800 + ಯಾ = 1000 ಎಂಬುದು ಇನ್ನೊಂದು ಪ್ರಶ್ನೆಗೆ, 'ಇನ್ನೆಷ್ಟು ಬೀಡಿ ಬೇಕು' ಎಂಬ ಪ್ರಶ್ನೆಗೆ, ಸರಿಯಾದ ಸಮೀಕರಣ. ಮೊದಲ ಸಾಲಿನಲ್ಲಿ ಕಟ್ಟಿನ ಲೆಕ್ಕವಾಗಿದ್ದ ಯಾ ಎರಡನೇ ಸಾಲಿಗೆ ಬರುವಾಗ ಅವನಿಗೆ ತಿಳಿಯದೆ ಬೀಡಿಯ ಲೆಕ್ಕವಾಯಿತು. ತಪ್ಪು ಹಿಡಿದದ್ದು ಅಮ್ಮ. ಬೀಜಗಣಿತ ಬಾರದ ಅಮ್ಮ ಉತ್ತರವನ್ನು ಕಟ್ಟಿಗೆ ಹಾಕಿ ನೋಡಿದರು, ಅಷ್ಟೇ. ತಪ್ಪು ಉತ್ತರ ಕಂಡಾಗ 'ಇದು ಯಾವ ಪ್ರಶ್ನೆಗೆ ಸರಿಯುತ್ತರ' ಎಂದು ಒಂದು ಕ್ಷಣ ಯೋಚಿಸುವುದು ಕಲಿಸುವವರಿಗೆ ಇರಬೇಕಾದ ಅಭ್ಯಾಸಗಳಲ್ಲಿ ಮೊದಲನೆಯದು.

ಆದ್ದರಿಂದ ಪದಸಮಸ್ಯೆಯ ಮೊದಲ ಸಾಲು ಸಮೀಕರಣ ಆಗಿರಬಾರದು, ಒಂದು ಪೂರ್ತಿ ವಾಕ್ಯ ಆಗಿರಬೇಕು: 'ಯಾ ಎಂದರೆ ಇನ್ನು ಕಟ್ಟಬೇಕಾದ ಕಟ್ಟುಗಳ ಸಂಖ್ಯೆ.' 'ಯಾ = ಕಟ್ಟು' ಎಂದು ಬರೆದರೆ ಸಾಲದು, ಅದು ಹಾನಿಯನ್ನೇ ಮಾಡುತ್ತದೆ. ಸುಲಭವಾಗಲಿ ಎಂದು ಕೆಲವರು 2ತೆ + 3ಬಾ ಎಂದರೆ ಎರಡು ತೆಂಗಿನಕಾಯಿ, ಮೂರು ಬಾಳೆಹಣ್ಣು ಎಂದು ಹೇಳಿಕೊಡುವುದುಂಟು. ಒಂದು ವಾರ ಎಲ್ಲ ಚೆನ್ನಾಗಿ ನಡೆಯುತ್ತದೆ. ಆಮೇಲೆ ತೆ × ಬಾ ಬಂದಾಗ ತೆಂಗಿನಕಾಯಿಯನ್ನು ಬಾಳೆಹಣ್ಣಿನಿಂದ ಗುಣಿಸುವುದು ಹೇಗೆಂದು ಮಗುವಿಗೆ ತಿಳಿಯುವುದಿಲ್ಲ. ಅಕ್ಷರ ವಸ್ತುವಿನ ಹೆಸರಲ್ಲ, ಅದು ಸಂಖ್ಯೆ. ಕಾಯಿಗಳ ಸಂಖ್ಯೆ, ಒಂದು ಕಾಯಿಯ ಬೆಲೆ, ಕಾಯಿಯ ತೂಕ, ಯಾವುದು ಎಂದು ಬಿಡಿಸಿ ಹೇಳಲೇಬೇಕು.

ಇದನ್ನು ಹೇಳದೆ ಬಿಟ್ಟರೆ ದೊಡ್ಡವರಾದ ಮೇಲೂ ತೊಂದರೆ ತಪ್ಪುವುದಿಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರು ಪಟ್ಟು. ಇದನ್ನು ಸಮೀಕರಣವಾಗಿ ಬರೆಯಿರಿ. ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಈ ಪ್ರಶ್ನೆ ಕೊಟ್ಟು 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರರಲ್ಲಿ 37 ಮಂದಿ ತಪ್ಪಿದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವಿ = ಪ್ರಾ ಎಂಬರ್ಥದ ಸಾಲು. 'ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ' ಎಂದು ಓದಿಕೊಂಡರೆ ಅದು ಸರಿ ಎನ್ನಿಸುತ್ತದೆ, ಆದರೆ ಹಾಕಿ ನೋಡಿ. ಪ್ರಾಧ್ಯಾಪಕರು 10, ವಿದ್ಯಾರ್ಥಿಗಳು 60. ಆರು ಅರವತ್ತಲಿ 360. ಅದು 10ಕ್ಕೆ ಸಮ ಅಲ್ಲ. ವಿ = 6ಪ್ರಾ ಎಂದು ಬರೆದರೆ ಮಾತ್ರ ಸರಿಹೊಂದುತ್ತದೆ.

ಈಗ ಮೂಡುಬಿದಿರೆಗೆ ಬರೋಣ. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಕಾಪಾಡಿದ ಊರು ಎಂದು ಇದನ್ನು ಎಲ್ಲರೂ ಬಲ್ಲರು. ಇದೇ ಊರಿನ ಜೈನ ಮಠದಲ್ಲಿ ಒಂದು ಲೆಕ್ಕದ ಪುಸ್ತಕವೂ ಇತ್ತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ ಅದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು 1912ರಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಹೋಲಿಸಿ ನೋಡಿದ ಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಮಠದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ಎತ್ತಿಕೊಂಡದ್ದು. ಆ ಪ್ರತಿಯಲ್ಲಿ ಗ್ರಂಥ ಪೂರ್ತಿಯಾಗಿತ್ತು. ಜೊತೆಗೆ ಲೆಕ್ಕಗಳ ತಾತ್ಪರ್ಯವೂ ಉತ್ತರಗಳೂ ಚುಟುಕಾಗಿ ಕನ್ನಡದಲ್ಲಿದ್ದವು. ಅಂದರೆ ಯಾರೋ ಒಬ್ಬರು ಕನ್ನಡ ಬಲ್ಲ ವಿದ್ಯಾರ್ಥಿಗಳಿಗಾಗಿ ಲೆಕ್ಕ ಏನು ಕೇಳುತ್ತಿದೆ, ಕೊನೆಗೆ ಎಷ್ಟು ಬರಬೇಕು ಎಂಬೆರಡನ್ನು ಗರಿಯ ಮೇಲೆ ಬರೆದಿಟ್ಟಿದ್ದರು. ಮನೆಪಾಠದ ಸಹಾಯ ಎಂದರೆ ಇದೇ ತಾನೆ? ಗ್ರಂಥದ ಕನ್ನಡ ಅನುವಾದವನ್ನು ಪದ್ಮಾವತಮ್ಮನವರು ಮಾಡಿದ್ದಾರೆ. ಹೊಂಬುಜದಿಂದ 2000ದಲ್ಲಿ ಪ್ರಕಟವಾಗಿದೆ. ನಮ್ಮ ಪ್ರೌಢಶಾಲೆಗಳ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ.

ಆ ಗ್ರಂಥದ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದಷ್ಟು ಮಾವಿನಹಣ್ಣು ಇದ್ದವು. ರಾಜ ಆರನೇ ಒಂದು ಪಾಲು ತೆಗೆದುಕೊಂಡ. ಉಳಿದದ್ದರಲ್ಲಿ ಐದನೇ ಒಂದನ್ನು ರಾಣಿ ತೆಗೆದುಕೊಂಡಳು. ಮತ್ತೆ ಉಳಿದದ್ದರಲ್ಲಿ ಮೂವರು ರಾಜಕುಮಾರರು ಒಬ್ಬರ ನಂತರ ಒಬ್ಬರು ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ಹೀಗೆ ತೆಗೆದುಕೊಂಡರು. ಕೊನೆಯ ಮಗುವಿಗೆ ಉಳಿದದ್ದು ಮೂರು ಹಣ್ಣು. ಮೊದಲು ಇದ್ದದ್ದೆಷ್ಟು?

ಇದನ್ನು ನಿಮ್ಮ ಮನೆಯ ಅಜ್ಜಿ ಪೆನ್ಸಿಲ್ ಇಲ್ಲದೆ ಮಾಡಬಲ್ಲರು. ಅರ್ಧ ಹೋಗಿ ಮೂರು ಉಳಿದಿದ್ದರೆ ಅದಕ್ಕೆ ಮೊದಲು ಆರು. ಮೂರನೇ ಒಂದು ಹೋಗಿ ಆರು ಉಳಿದಿದ್ದರೆ ಒಂಬತ್ತು. ಆಮೇಲೆ ಹನ್ನೆರಡು, ಹದಿನೈದು, ಹದಿನೆಂಟು. ಕೊನೆಯಿಂದ ಹಿಂದಕ್ಕೆ ಬರುವ ಈ ವಿಧಾನವನ್ನು ಆರ್ಯಭಟ 499ರಲ್ಲೇ ನಿಯಮವಾಗಿ ಹೇಳಿದ್ದಾನೆ: ಗುಣಿಸಿದ್ದನ್ನು ಭಾಗಿಸು, ಭಾಗಿಸಿದ್ದನ್ನು ಗುಣಿಸು, ಕೂಡಿದ್ದನ್ನು ಕಳೆ, ಕಳೆದದ್ದನ್ನು ಕೂಡು. ಅಮ್ಮ ಎಂಟು ಕಟ್ಟು ಎಂದದ್ದೂ ಹೀಗೆಯೇ.

ಹಾಗಾದರೆ ಯಾ ಯಾಕೆ ಬೇಕು? ಇದು ಮಕ್ಕಳು ನಿಜವಾಗಿ ಕೇಳುವ ಪ್ರಶ್ನೆ. 'ಪರೀಕ್ಷೆಗೆ ಬರುತ್ತದೆ' ಎಂಬ ಉತ್ತರ ಅದಕ್ಕೆ ತಕ್ಕದ್ದಲ್ಲ. ಅದೇ ಲೆಕ್ಕವನ್ನು ಮೊದಲು ಹೇಳಿದ ಕ್ರಮದಲ್ಲೇ, ಮುಂದಕ್ಕೆ, ಗೊತ್ತಿಲ್ಲದ ಸಂಖ್ಯೆಯನ್ನು ಗೊತ್ತಿರುವಂತೆಯೇ ಇಟ್ಟುಕೊಂಡು ಬರೆಯೋಣ. ಮೊದಲಿದ್ದ ಹಣ್ಣುಗಳ ಸಂಖ್ಯೆ ಯಾ. ರಾಜನಿಗೆ ಯಾದ ಆರನೇ ಒಂದು. ಉಳಿದದ್ದು ಆರನೇ ಐದು. ಅದರಲ್ಲಿ ಐದನೇ ಒಂದು ಎಂದರೆ ರಾಣಿಗೂ ಯಾದ ಆರನೇ ಒಂದೇ. ಉಳಿದದ್ದು ಆರನೇ ನಾಲ್ಕು. ಅದರಲ್ಲಿ ನಾಲ್ಕನೇ ಒಂದು ಮತ್ತೆ ಯಾದ ಆರನೇ ಒಂದು. ಹೀಗೆ ಕೊನೆಯವರೆಗೆ. ಆರು ಜನ, ಆರು ಸಮ ಪಾಲು! ಪಾಲು ಮಾಡಿದ ರೀತಿ ಕೇಳಿದಾಗ ರಾಜನದ್ದು ಆರನೇ ಒಂದು, ಕೊನೆಯ ರಾಜಕುಮಾರನದ್ದು ಅರ್ಧ, ಎಂಥ ಅನ್ಯಾಯ ಎನ್ನಿಸುತ್ತದೆ. ಯಾ ಹಾಕಿ ಬರೆದ ಕೂಡಲೇ ಎಲ್ಲರಿಗೂ ಸಿಕ್ಕಿದ್ದು ಒಂದೇ ಎಂದು ಕಾಣುತ್ತದೆ. ಹಣ್ಣು 18 ಇರಲಿ, 600 ಇರಲಿ, ಈ ಮಾತು ಬದಲಾಗುವುದಿಲ್ಲ. ಹಿಂದಕ್ಕೆ ಲೆಕ್ಕ ಹಾಕಿದವರಿಗೆ 18 ಸಿಕ್ಕಿತು. ಮುಂದಕ್ಕೆ ಬರೆದವರಿಗೆ ಆ ಲೆಕ್ಕ ಕಟ್ಟಿದವರ ಮನಸ್ಸೇ ಸಿಕ್ಕಿತು. ಅಕ್ಷರ ಬೇಕಾದದ್ದು ಇದಕ್ಕೆ.

ಎರಡನೇ ಕಾರಣ ಇನ್ನೂ ನೇರವಾದದ್ದು. ಹಿಂದಕ್ಕೆ ಬರುವ ದಾರಿ ಎಲ್ಲ ಲೆಕ್ಕಗಳಲ್ಲೂ ಇರುವುದಿಲ್ಲ. ಭಾಸ್ಕರಾಚಾರ್ಯರು ಒಂದೇ ಅವ್ಯಕ್ತದ ಸಮೀಕರಣಕ್ಕೆ ಕೊಡುವ ಮೊದಲ ಉದಾಹರಣೆ ನೋಡಿ. ಒಬ್ಬನ ಬಳಿ 300 ನಾಣ್ಯ ಮತ್ತು 6 ಕುದುರೆ. ಇನ್ನೊಬ್ಬನ ಬಳಿ 10 ಕುದುರೆ, ಆದರೆ 100 ನಾಣ್ಯದ ಸಾಲ. ಕುದುರೆಗಳ ಬೆಲೆ ಒಂದೇ, ಇಬ್ಬರ ಆಸ್ತಿಯೂ ಸಮ. ಒಂದು ಕುದುರೆಗೆ ಎಷ್ಟು?

6ಯಾ + 300 = 10ಯಾ − 100

ಇಲ್ಲಿ ಹಿಂದಕ್ಕೆ ಬರಲು ಕೊನೆ ಎಂಬುದೇ ಇಲ್ಲ. ಗೊತ್ತಿಲ್ಲದ್ದು ಎರಡು ಕಡೆಯೂ ಇದೆ. ಮೆಕ್ಸಿಕೊದ ಫಿಲೋಯ್ ಮತ್ತು ರೋಹಾನೊ ಎಂಬ ಗಣಿತ ಶಿಕ್ಷಣದ ಸಂಶೋಧಕರು ಅಂಕಗಣಿತವೂ ಬೀಜಗಣಿತವೂ ಬೇರೆಯಾಗುವ ಗೆರೆ ಇದೇ ಎಂದು 1989ರಲ್ಲಿ ವಾದಿಸಿದರು. 3ಯಾ + 5 = 20 ಬಿಡಿಸಿದ ಮಗು ಇಲ್ಲಿ ಬಂದು ನಿಂತುಬಿಟ್ಟರೆ ಅದು ದಡ್ಡತನವಲ್ಲ; ಅಲ್ಲಿಯವರೆಗೆ ನಡೆದ ದಾರಿ ಅಲ್ಲಿಗೆ ಮುಗಿದಿದೆ. ಇಲ್ಲಿಂದ ಮುಂದೆ ಗೊತ್ತಿಲ್ಲದ 'ಯಾ'ವನ್ನೇ ಕೂಡಬೇಕು, ಕಳೆಯಬೇಕು.

ಈ ಹಂತದಲ್ಲಿ ಎಲ್ಲರೂ ತಕ್ಕಡಿಯ ಮಾತು ಹೇಳುತ್ತಾರೆ. ಅಂಗಡಿಯ ತಕ್ಕಡಿಯ ಎರಡು ತಟ್ಟೆಗಳಂತೆ ಎರಡು ಪಕ್ಷಗಳು. ಒಂದರಿಂದ ತೆಗೆದಷ್ಟನ್ನೇ ಇನ್ನೊಂದರಿಂದಲೂ ತೆಗೆದರೆ ಮುಳ್ಳು ನಡುವೆಯೇ ನಿಲ್ಲುತ್ತದೆ. ಒಳ್ಳೆಯ ಹೋಲಿಕೆ, ಆದರೆ ಅರ್ಧ ದಾರಿಗೆ ಮಾತ್ರ. ಎರಡು ಕಡೆಯಿಂದ ಆರಾರು ಕುದುರೆ ತೆಗೆದರೆ 300 = 4ಯಾ − 100. ಈಗ ತಟ್ಟೆಯ ಮೇಲೆ ನೂರರ ಸಾಲವನ್ನು ಇಡುವುದು ಹೇಗೆ? ಋಣ ಸಂಖ್ಯೆಗೆ ತೂಕವಿಲ್ಲ. ತಕ್ಕಡಿಯನ್ನೇ ನಂಬಿ ಬಂದ ಮಗು ಇಲ್ಲಿ ಕೈಚೆಲ್ಲುತ್ತದೆ.

ಇಲ್ಲಿ ನೆರವಿಗೆ ಬರಬೇಕಾದವರು ಅಪ್ಪ. ಬ್ರಹ್ಮಗುಪ್ತನ ನಿಯಮಗಳಲ್ಲಿ ಕೂಡುವ ಸಂಖ್ಯೆ ಧನ, ಕಳೆಯುವ ಸಂಖ್ಯೆ ಋಣ. ಇಬ್ಬರಿಗೂ ನೂರು ನೂರು ಕೊಟ್ಟೆವು ಎನ್ನಿ. ಸಾಲವಿದ್ದವನು ಆ ನೂರನ್ನು ಸೊಸೈಟಿಗೆ ಕಟ್ಟಿ ಸಾಲ ತೀರಿಸಿದ. ಅವನ ಬಳಿ ಉಳಿದದ್ದು ನಾಲ್ಕು ಕುದುರೆ. ಇನ್ನೊಬ್ಬನ ಬಳಿ 400 ಆಯಿತು. ಕುದುರೆಗೆ ನೂರು. ಅಡಿಕೆ ಮಾರಿ ಬಂದ ಹಣ ಸಾಲಕ್ಕೆ ಜಮೆಯಾಗುವುದನ್ನು ವರ್ಷವರ್ಷ ಕಂಡ ಮನೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ತರಗತಿಯಲ್ಲಿ, ಟ್ಯೂಷನ್ನಿನಲ್ಲಿ ಮಗು ಕೇಳಿಸಿಕೊಳ್ಳುವುದು 'ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ' ಎಂಬ ಒಂದೇ ಸಾಲು. ಪದವನ್ನು ಹೀಗೆ ಆಚೆ ಕಳಿಸುವ ಪಕ್ಷಾಂತರ ತಪ್ಪಲ್ಲ, ಅರ್ಥವಾದ ಮೇಲೆ ಅದು ಬರಹವನ್ನು ಚುಟುಕಾಗಿಸುತ್ತದೆ. ಅರ್ಥಕ್ಕೆ ಮೊದಲೇ ಬಂದರೆ ಮಾತ್ರ ಕೆಡುಕು. 4ಯಾ = 400 ಎಂಬಲ್ಲಿ 4ನ್ನು ಆಚೆ ಕಳಿಸಿ, ಚಿಹ್ನೆ ಬದಲಿಸಿ, ಯಾ = 400 − 4 = 396 ಎಂದು ಬರೆಯುವ ಮಗು ನಿಯಮವನ್ನು ಮುರಿದಿಲ್ಲ, ಕೇಳಿದ ಹಾಗೆಯೇ ಪಾಲಿಸಿದೆ. ಎರಡು ಕಡೆಯೂ ಏನು ಮಾಡಿದೆವು ಎಂದು ಪ್ರತಿ ಸಾಲಿನ ಪಕ್ಕ ಬರೆಯುವ ಅಭ್ಯಾಸ ಆಗುವವರೆಗೆ ಆ ಒಂದು ವಾಕ್ಯವನ್ನು ಮನೆಯಲ್ಲಿ ಯಾರೂ ಹೇಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಕಠಿಣ ಜಾಗ ಆವರಣದ ಹಿಂದಿನ ಋಣ ಚಿಹ್ನೆ. 10 − (ಯಾ − 3) ಎಂಬುದನ್ನು 10 − ಯಾ − 3 ಎಂದು ಬಿಡಿಸುವವರು ಹತ್ತನೇ ತರಗತಿಯಲ್ಲೂ ಇದ್ದಾರೆ. ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಯಾ ಇರುವಲ್ಲಿ ಮಗು 5 ಹಾಕಿ ನೋಡಲಿ. ಮೊದಲನೆಯದು 10 − 2, ಅಂದರೆ 8. ಬಿಡಿಸಿ ಬರೆದದ್ದು 10 − 5 − 3, ಅಂದರೆ 2. ಎಂಟೂ ಎರಡೂ ಒಂದಲ್ಲ, ಬಿಡಿಸಿದ್ದು ತಪ್ಪು. 10 − ಯಾ + 3 ಎಂದು ಬದಲಿಸಿ ಮತ್ತೆ ಹಾಕಿದರೆ 8 ಬರುತ್ತದೆ. ಬೀಜಗಣಿತದಲ್ಲಿ ಮಗುವಿಗೆ ಸಿಗುವ ಈ ಸ್ವಾತಂತ್ರ್ಯ ಬೇರೆ ವಿಷಯಗಳಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಪಾಣಿಪತ್ ಯುದ್ಧದ ಇಸವಿ ಸರಿಯೇ ಎಂದು ತಿಳಿಯಲು ಪುಸ್ತಕ ಬೇಕು. ಸಮೀಕರಣದ ಉತ್ತರ ಸರಿಯೇ ಎಂದು ತಿಳಿಯಲು ಆ ಸಮೀಕರಣವೇ ಸಾಕು.

ಹಾಕಿ ನೋಡುವ ಅಭ್ಯಾಸ ದೊಡ್ಡವರ ಮಾತನ್ನೂ ಪರೀಕ್ಷಿಸುತ್ತದೆ. ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಒಂಬತ್ತನೇ ಶತಮಾನದಲ್ಲೇ ಸ್ಪಷ್ಟವಾಗಿ ಹೇಳಿದ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದೂ ಬರೆದರು. 6ನ್ನು ಸೊನ್ನೆಯಿಂದ ಭಾಗಿಸಿದಾಗ 6 ಬರುವುದಾದರೆ, ತಿರುಗಿ ಗುಣಿಸಿದಾಗ 6 × 0 ಎಂಬುದು 6 ಆಗಬೇಕು. ಆಗುವುದು ಸೊನ್ನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಅಷ್ಟು ದೊಡ್ಡ ಆಚಾರ್ಯರ ಒಂದು ಮಾತನ್ನು ಒಂದೇ ಸಾಲಿನಲ್ಲಿ ಪರೀಕ್ಷಿಸಬಲ್ಲಳು. ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ಗಣಿತ ಯಾರ ಮಾತಿನ ಮೇಲೂ ನಿಂತಿಲ್ಲ ಎಂಬುದು ಅವಳಿಗೆ ಚಿಕ್ಕ ವಯಸ್ಸಿನಲ್ಲೇ ತಿಳಿಯುತ್ತದೆ.

ಲೆಕ್ಕ ಹೇಳಿಕೊಡುವವರ ಕೈಯಲ್ಲಿ ಪೆನ್ಸಿಲ್ ಇರಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಶಾಲೆ ಬಸ್ ಬರುವ ಮೊದಲು ಮುಗಿಯಬೇಕೆಂಬ ಗಡಿಬಿಡಿಯಲ್ಲಿ ಅಣ್ಣ ಅಕ್ಕಂದಿರು ತಾವೇ ಬರೆದುಕೊಡುತ್ತಾರೆ. ಹತ್ತು ಲೆಕ್ಕ ಅವರು ಬರೆದುಕೊಡುವುದಕ್ಕಿಂತ, ಎರಡು ಲೆಕ್ಕವನ್ನು ಮಗುವೇ ಬರೆದು, ಉತ್ತರ ಹಾಕಿ ನೋಡಿ, 'ಉಳಿದ ಎಂಟು ಆಗಲಿಲ್ಲ ಟೀಚರ್' ಎಂದು ಹೇಳುವುದು ಎಷ್ಟೋ ಮೇಲು. ಶಿಕ್ಷಕರೂ ಇದನ್ನು ಒಪ್ಪಬೇಕು.

ಕೊನೆಗೆ ಓದುಗರಿಗೆ ಒಂದು ಲೆಕ್ಕ, ಅದೂ ಗಣಿತಸಾರಸಂಗ್ರಹದ್ದೇ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲದ ಹಣ್ಣಿಗೆ 101. ಒಂದೊಂದರ ಬೆಲೆ ಎಷ್ಟು? ಹತ್ತನೇ ತರಗತಿಯ ಮಗುವಿನ ಜೊತೆ ಕೂತು ಮಾಡಿ. ಮೊದಲ ಸಾಲಿನಲ್ಲಿ ಯಾ ಎಂದರೆ ಏನು, ಕಾ ಎಂದರೆ ಏನು ಎಂದು ಪೂರ್ತಿ ವಾಕ್ಯ ಬರೆಸಿ. ಆಮೇಲೆ ಎರಡು ಸಮೀಕರಣಗಳನ್ನು ಒಮ್ಮೆ ಕೂಡಿಸಿ ನೋಡಲಿ, ಒಮ್ಮೆ ಕಳೆದು ನೋಡಲಿ. ಸಂಖ್ಯೆಗಳನ್ನು ಆರಿಸಿದ ಜಾಣತನ ಆಗ ಗೊತ್ತಾಗುತ್ತದೆ. ಉತ್ತರವನ್ನು ಇಲ್ಲಿ ಕೊಟ್ಟಿಲ್ಲ, ಕೊಡುವ ಅಗತ್ಯವೂ ಇಲ್ಲ. ಸಿಕ್ಕಿದ ಎರಡು ಬೆಲೆಗಳನ್ನು ಎರಡೂ ಸಾಲಿಗೆ ಹಾಕಿ. 107 ಮತ್ತು 101 ಬಂದರೆ ನಿಮ್ಮ ಉತ್ತರ ಸರಿ.